ಐದು ಪರದೆ, ಒಂದು ಕಣ್ಣು

ಐದು ಲ್ಯಾಪ್‌ಟಾಪುಗಳನ್ನು ನೋಡಿ ನಾನು ಹೇಳಿದ್ದು ಒಂದೇ ಮಾತು. ಹಳದಿ.

ಅಂಗಡಿಯವನು ಒಳ್ಳೆಯವನೇ. ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ. ಮೊದಲು ಟೀವಿ ರಿಪೇರಿ ಮಾಡುತ್ತಿದ್ದನಂತೆ. ಐದನ್ನೂ ಮೇಜಿನ ಮೇಲೆ ಸಾಲಾಗಿ ತೆರೆದಿಟ್ಟು, ಒಂದು ಗಂಟೆಯಿಂದ ನನ್ನ ಕೊಂಕು ಮಾತುಗಳನ್ನು ನುಂಗಿಕೊಳ್ಳುತ್ತಿದ್ದ.

"ಮೇಡಂ, ನೀವು ವಿಡಿಯೋನೂ ಮಾಡ್ತೀನಿ ಅಂದ್ರಿ. ಹಾಗಿದ್ರೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರೋದು ತಗೊಳ್ಳಿ. ಇಲ್ದಿದ್ರೆ ಒಂದು ವಿಡಿಯೋ ತಯಾರಾಗೋಷ್ಟರಲ್ಲಿ ಕಾಫಿ ಕುಡಿದು, ಊಟ ಮಾಡಿ, ನಿದ್ದೆನೂ ಮಾಡಿ ಬರಬಹುದು."

"ಅದರ ಪರದೆ ಹೇಗಿದೆ?"

"ಪರದೆ ಸಾಧಾರಣ. ಅದೇ ಬೆಲೆಗೆ ಇನ್ನೊಂದಿದೆ, ಪರದೆ ಅಂದ್ರೆ ಪರದೆ, ಯಾವ ಕಡೆಯಿಂದ ನೋಡಿದ್ರೂ ಬಣ್ಣ ಕದಲಲ್ಲ. ಆದರೆ ಅದರಲ್ಲಿ ಬೇರೆ ಕಾರ್ಡಿಲ್ಲ. ಎರಡೂ ಬೇಕಂದ್ರೆ ಬೆಲೆ ಮೇಲಕ್ಕೆ ಹೋಗುತ್ತೆ."

"ವೇಗ ಇಟ್ಕೊಂಡು ಏನು ಮಾಡ್ಲಿ? ಕಣ್ಣು ಸರಿ ಇಲ್ದೆ ಇರೋ ಕುದುರೆ ಎಷ್ಟು ಜೋರಾಗಿ ಓಡಿದ್ರೆ ಏನು, ಹೋಗಿ ಹಳ್ಳಕ್ಕೆ ಬೀಳುತ್ತೆ. ನಮ್ಮ ಕೆಲಸಕ್ಕೆ ಪರದೇನೇ ಕಣ್ಣು," ಎಂದೆ. ಚೆನ್ನಾಗಿ ಹೇಳಿದೆ ಎಂದು ನನಗೇ ಹೆಮ್ಮೆಯಾಯಿತು.

ನಾನು ಫೋಟೊ ತಿದ್ದುವವಳು. ಮೂವತ್ತೊಂದು ವರ್ಷದಿಂದ ಇದೇ ಕಸುಬು. ಮೊಡವೆ ಅಳಿಸುವುದು, ಮುಚ್ಚಿದ ಕಣ್ಣು ತೆರೆಸುವುದು, ಮುಖದ ಬಣ್ಣ ಮುಖದಂತೆ ಕಾಣುವಂತೆ ಮಾಡುವುದು. ಈಚೆಗೆ ಮದುವೆಯ ಚಿತ್ರಗಳನ್ನು ಜೋಡಿಸಿ ಸಣ್ಣ ವಿಡಿಯೊ ಮಾಡಿಕೊಡುವುದು. ನನ್ನ ತಮ್ಮ ಕ್ಯಾಮೆರಾ ಹಿಡಿಯುತ್ತಿದ್ದ, ನಾನು ಹಿಂದಿನ ಕೋಣೆಯಲ್ಲಿ ಕೂತು ತಿದ್ದುತ್ತಿದ್ದೆ. ನಡುವೆ ಒಂದು ಕಪ್ಪು ಪರದೆ ಬಟ್ಟೆ. ಒಂದೊಂದು ಚಿತ್ರ ಮುಗಿದಾಗಲೂ "ನೋಡು ಬಾ" ಎಂದು ಕೂಗುವುದು ನನ್ನ ರೂಢಿ. ಅವನು ಬಟ್ಟೆ ಸರಿಸಿ ತಲೆ ಮಾತ್ರ ಒಳಗೆ ಹಾಕಿ "ಹ್ಞೂಂ" ಎಂದರೆ ಆ ಚಿತ್ರ ಮುಗಿಯಿತು ಎಂದು ಲೆಕ್ಕ. ಅವನು ಹ್ಞೂಂ ಎನ್ನದ ಚಿತ್ರ ನಮ್ಮ ಸ್ಟುಡಿಯೊದಿಂದ ಹೊರಗೆ ಹೋಗಿದ್ದೇ ಇಲ್ಲ.

ಎಂಟು ತಿಂಗಳ ಹಿಂದೆ ಒಬ್ಬ ಮದುಮಗಳ ಚಿತ್ರಕ್ಕೆ ಅವನು ಹ್ಞೂಂ ಎನ್ನಲಿಲ್ಲ.

"ಅಕ್ಕ, ಮುಖ ನೀಲಿಯಾಗಿದೆ."

"ನಿನ್ನ ತಲೆ ನೀಲಿಯಾಗಿದೆ."

"ಈ ನಡುವೆ ಎಲ್ಲಾ ಹೀಗೇ ಬರ್ತಿದೆ ಅಕ್ಕ. ಒಂದ್ಸಲ ಕಣ್ಣು ತೋರಿಸ್ಕೊಂಡು ಬಾ."

ಕಸುಬುದಾರಳಿಗೆ ಹೇಳುವ ಮಾತೇ ಅದು? ಈ ಕಣ್ಣಿನಿಂದಲೇ ಇಬ್ಬರ ಹೊಟ್ಟೆ ತುಂಬಿದ್ದು ಎಂದೆ. ಇನ್ನೂ ಏನೇನೋ ಅಂದೆ, ಬರೆಯಲು ನಾಚಿಕೆಯಾಗುತ್ತದೆ. ಅದೇ ದಿನ ನನ್ನ ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ಮನೆಗೆ ಬಂದೆ. ಆ ಮದುಮಗಳ ಚಿತ್ರವನ್ನು ನಾನೇ ನೇರವಾಗಿ ಪ್ರಿಂಟ್ ಹಾಕುವ ಲ್ಯಾಬಿಗೆ ಕಳಿಸಿದೆ.

ಮನೆಯೆಂದರೆ ಒಂದು ಕೋಣೆ, ಒಂದು ಮೇಜು. ಉಣ್ಣುವುದೂ ಅಲ್ಲೇ, ತಿದ್ದುವುದೂ ಅಲ್ಲೇ. ಹಳೆಯ ಗಿರಾಕಿಗಳು ಕೆಲವರು ನನ್ನ ಬಳಿಯೇ ಬಂದರು. ಕೆಲಸ ಮುಗಿದಾಗ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. "ನೋಡು ಬಾ." ಎದುರಿಗೆ ಗೋಡೆ. ಗೋಡೆಗೆ ಹ್ಞೂಂ ಎನ್ನಲು ಬರುವುದಿಲ್ಲ. ಒಂದೊಂದು ದಿನ ಹಾಲಿನವಳ ಜೊತೆ ಆಡಿದ ಎರಡು ಮಾತು ಬಿಟ್ಟರೆ ನನ್ನ ದನಿ ನನಗೇ ಕೇಳುತ್ತಿರಲಿಲ್ಲ. ಒಂಟಿತನ ಅಭ್ಯಾಸವಾಗುತ್ತದೆ ಎನ್ನುತ್ತಾರೆ. ಸುಳ್ಳು. ನನಗಂತೂ ಆಗಲಿಲ್ಲ.

ಆಮೇಲೆ ದೂರುಗಳು ಶುರುವಾದವು. ಫೋನಿನಲ್ಲಿ ಚಿತ್ರ ನೋಡಿದವರು, "ಮುಖ ಯಾಕೋ ತಣ್ಣೀರಲ್ಲಿ ನೆನೆಸಿಟ್ಟ ಹಾಗಿದೆಯಲ್ಲ" ಎಂದರು. ಆದರೆ ಪ್ರಿಂಟ್ ನೋಡಿದವರು ಒಬ್ಬರೂ ದೂರಲಿಲ್ಲ; ಆ ಮದುಮಗಳ ತಾಯಿಯಂತೂ ಕೊಂಡಾಡಿದಳು. ಹಾಗಾಗಿ ಅವರ ಫೋನುಗಳೇ ಕೆಟ್ಟವು ಎಂದು ತೀರ್ಮಾನಿಸಿದೆ. ದೂರು ನಿಲ್ಲದಿದ್ದಾಗ ನನ್ನ ಮಾನಿಟರಿಗೆ ವಯಸ್ಸಾಯಿತು ಎಂದುಕೊಂಡೆ. ಹೊಸ ಲ್ಯಾಪ್‌ಟಾಪ್ ಕೊಂಡರೆ ಬಣ್ಣವೂ ಸರಿಹೋಗುತ್ತದೆ, ಅದನ್ನು ಹೊತ್ತುಕೊಂಡು ನಾಲ್ಕು ಜನ ಇರುವ ಕಡೆ ಕೂತು ಕೆಲಸ ಮಾಡಬಹುದು. ಎರಡನೆಯ ಕಾರಣವನ್ನು ಅಂಗಡಿಯವನಿಗೆ ಹೇಳಲಿಲ್ಲ. ಇದೊಂದು ಸರಿಯಾಗದಿದ್ದರೆ ಉಳಿದ ಗಿರಾಕಿಗಳೂ ಹೋಗುತ್ತಾರೆ, ಆಗ ನನ್ನ ಬಾಗಿಲು ಬಡಿಯುವವರೇ ಇರುವುದಿಲ್ಲ ಎಂಬ ಭಯವನ್ನಂತೂ ಹೇಳಲೇ ಇಲ್ಲ.

ಪರದೆ ಪರೀಕ್ಷಿಸಲು ನನ್ನ ಬಳಿ ಒಂದು ಚಿತ್ರವಿದೆ. ಪೆನ್‌ಡ್ರೈವಿನಲ್ಲಿ ಸದಾ ಇರುತ್ತದೆ. ನಮ್ಮ ಸ್ಟುಡಿಯೊದ ಬಿಳಿ ಗೋಡೆ, ಅದರ ಮುಂದೆ ಕೈಕಟ್ಟಿ ನಿಂತ ತಮ್ಮ. ಆ ಗೋಡೆಗೆ ಸುಣ್ಣ ಬಳಿದವರು ನಾವಿಬ್ಬರೇ. ಆ ಬಿಳಿ ನನಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿಲ್ಲ.

ಐದು ಪರದೆಯಲ್ಲೂ ಆ ಗೋಡೆ ಹಳೇ ಕಾಗದದ ಬಣ್ಣಕ್ಕಿತ್ತು.

"ಹೊಳೆಯೋ ಪರದೆ ಬೇಡ ಅಂದ್ರಿ, ಮ್ಯಾಟ್ ತೋರಿಸ್ದೆ. ಅದೂ ಬೇಡ ಅಂದ್ರಿ," ಎಂದು ಅಂಗಡಿಯವನು ತಲೆ ಕೆರೆದುಕೊಂಡ. "ಒಂದು ಕೇಳ್ಲಾ ಮೇಡಂ? ನೀವ್ಯಾಕೆ ಒಂದು ಕಣ್ಣು ಮುಚ್ಕೊಂಡು ನೋಡ್ತೀರ?"

ಪಾಪ, ಅವನಿಗೇನು ಗೊತ್ತು ಎಂದು ವಿವರಿಸಿದೆ. ಫಿಲ್ಮಿನ ಕಾಲದಲ್ಲಿ ಬೆಳಕಿನ ಪೆಟ್ಟಿಗೆಯ ಮೇಲೆ ನೆಗೆಟಿವ್ ಇಟ್ಟು, ಬಲಗಣ್ಣಿಗೆ ಭೂತಗನ್ನಡಿ ಹಿಡಿದು, ಎಡಗಣ್ಣು ಮುಚ್ಚಿ ನೋಡುತ್ತಿದ್ದೆವು. ಆ ಕಾಲ ಹೋದರೂ ಅಭ್ಯಾಸ ಹೋಗಲಿಲ್ಲ. ಬಣ್ಣ ನಿರ್ಧರಿಸಬೇಕೆಂದರೆ ಎಡಗಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. "ಬಲಗಣ್ಣು ಪಳಗಿದ್ದು. ಎಡಗಣ್ಣು ಶುದ್ಧ ದಡ್ಡ, ಅದಕ್ಕೆ ಬಣ್ಣವೇ ಗೊತ್ತಾಗಲ್ಲ, ನೋಡಿ," ಎಂದು ತಮಾಷೆಗೆ ಬಲಗಣ್ಣಿನ ಮೇಲೆ ಅಂಗೈ ಇಟ್ಟೆ.

ಗೋಡೆ ಬೆಳ್ಳಗಾಯಿತು.

ಕೈ ತೆಗೆದು ಎಡಗಣ್ಣು ಮುಚ್ಚಿದೆ. ಹಳದಿ. ಬಲಗಣ್ಣು ಮುಚ್ಚಿದೆ. ಬಿಳಿ, ನಾವಿಬ್ಬರು ಬಳಿದ ಅದೇ ಬಿಳಿ, ಐದು ಪರದೆಯಲ್ಲೂ. ಮೇಜಿನ ಮೇಲಿದ್ದ ಖಾಲಿ ಹಾಳೆಯನ್ನೂ ಹಾಗೇ ನೋಡಿದೆ. ಅದೂ ಅಷ್ಟೇ. ಅಂಗಡಿಯವನು ಏನೂ ಕೇಳದೆ ಒಂದು ಸ್ಟೂಲು ಎಳೆದು ಹಾಕಿದ. ಅವನ ಅಮ್ಮನಿಗೂ ಕಣ್ಣಿಗೆ ಪೊರೆ ಬಂದು ಎಲ್ಲ ಹೀಗೇ ಹಳದಿ ಕಾಣುತ್ತಿತ್ತು ಎಂದು ಆಮೇಲೆ ಹೇಳಿದ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿಯಂತೆ; ಈ ಗಾದೆಗಳನ್ನು ನಾನು ಎಷ್ಟು ಜನರ ಮೇಲೆ ಎಸೆದಿದ್ದೇನೋ! ಪೆನ್‌ಡ್ರೈವಿನಲ್ಲಿ ಆ ಮದುಮಗಳೂ ಇದ್ದಳು. ದಡ್ಡ ಕಣ್ಣಿನಿಂದ ನೋಡಿದೆ. ಹಳದಿ ತೆಗೆಯುತ್ತೇನೆ ಎಂದು ನೀಲಿ ಸುರಿದಿದ್ದೆ. ಮದುವೆಯ ದಿನ ಚಳಿಯಲ್ಲಿ ನಿಂತು ನಗುತ್ತಿರುವವಳ ಹಾಗಿದ್ದಳು ಹುಡುಗಿ.

ಆದರೆ ಪ್ರಿಂಟ್? ಅದನ್ನು ನೋಡಿ ಆ ಹುಡುಗಿಯ ತಾಯಿ ಕೊಂಡಾಡಿದ್ದಳಲ್ಲ?

ಫೋನ್ ತೆಗೆದೆ. ಎಂಟು ತಿಂಗಳಿಂದ ಒತ್ತದ ಹೆಸರು. ಒಂದೇ ರಿಂಗಿಗೆ ಎತ್ತಿದ.

"ಅಕ್ಕ?"

ಕ್ಷಮಿಸು ಎನ್ನಬೇಕಿತ್ತು. "ಲ್ಯಾಪ್‌ಟಾಪ್ ತಗೋತಿದ್ದೀನಿ. ಗ್ರಾಫಿಕ್ಸ್ ಕಾರ್ಡ್ ಇರೋದು ಬೇಕಾ, ಪರದೆ ಚೆನ್ನಾಗಿರೋದು ಬೇಕಾ?" ಎಂದೆ.

"ಪರದೆ," ಎಂದ, ನಿನ್ನೆ ತಾನೆ ಮಾತಾಡಿದವನ ಹಾಗೆ. "ವೇಗ ನಿಂಗ್ಯಾಕೆ? ಒಂದು ಮುಖಕ್ಕೆ ಅರ್ಧ ದಿನ ಕೂರೋಳು ನೀನು."

"ಆ ಹುಡುಗಿ ಮುಖ ನೀಲಿಯಾಗಿತ್ತು ಕಣೋ."

ಅವನ ಉತ್ತರಕ್ಕೆ ಕಾಯದೆ ನಾನೇ ಮುಂದೆ ಕೇಳಿದೆ.

"ಪ್ರಿಂಟಲ್ಲಿ ಹೇಗೆ ಸರಿಯಾಯ್ತು?"

"ನಿನ್ನ ಫೈಲ್ ಬಂದ್ರೆ ಲ್ಯಾಬಿನವರು ನಂಗೊಂದು ಫೋನ್ ಮಾಡ್ತಾರೆ," ಎಂದ ನಿಧಾನವಾಗಿ. "ಹೋಗಿ ನೀಲಿ ಸ್ವಲ್ಪ ಇಳಿಸಿ ಬರ್ತೀನಿ. ಬೇರೇನೂ ಮುಟ್ಟಿಲ್ಲ ಅಕ್ಕ, ನಿನ್ನಾಣೆ. ಬೇರೆ ಎಲ್ಲಾ ನೀನು ಮಾಡಿದ ಹಾಗೇ ಇದೆ."

"ಎಷ್ಟು ಚಿತ್ರಕ್ಕೆ ಹೀಗೆ ಮಾಡ್ದೆ?"

"ಎಲ್ಲಾದಕ್ಕೂ."

ಎಂಟು ತಿಂಗಳು ಆ ಕೋಣೆಯಲ್ಲಿ ಗೋಡೆಯನ್ನು "ನೋಡು ಬಾ" ಎಂದು ಕರೆಯುತ್ತಿದ್ದೆ. ಅವನು ಬಂದು ನೋಡಿಕೊಂಡು ಹೋಗುತ್ತಲೇ ಇದ್ದ, ನನಗೆ ಗೊತ್ತಿಲ್ಲದೆ.

ಅಂಗಡಿಯವನು ಎರಡು ಲ್ಯಾಪ್‌ಟಾಪ್ ಮುಚ್ಚಿ, ಮೂರನೆಯದರ ಮೇಲೆ ಕೈಯಿಟ್ಟು, ಯಾವುದನ್ನು ಪ್ಯಾಕ್ ಮಾಡಲಿ ಎಂದು ಸನ್ನೆಯಲ್ಲೇ ಕೇಳಿದ. ನನಗೆ ಎರಡು ಕಣ್ಣಿಗೂ ಏನೂ ಸರಿಯಾಗಿ ಕಾಣುತ್ತಿರಲಿಲ್ಲ.

"ಸ್ವಲ್ಪ ತಡೀರಿ," ಎಂದೆ. "ನನ್ನ ತಮ್ಮ ಬಂದು ನೋಡ್ತಾನೆ."