ನೇತ್ರಾಣಿಗೆ ಕೊನೆಯ ದೋಣಿ

ಇಂಜಿನ್ ನಿಂತಿದೆ, ನಿಂತರೂ ಅದರ ನಡುಕ ಇನ್ನೂ ತೊಡೆಯಲ್ಲಿ ಉಳಿದಿದೆ, ಡೀಸೆಲ್ ವಾಸನೆ, ಉಪ್ಪಿನ ವಾಸನೆ, ಸರೋಜಾ ಡಬ್ಬಿ ತೆರೆದಿರಬೇಕು, ಬನ್ಸಿನ ವಾಸನೆಯೂ — ಹೇಮಾ ದೋಣಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಳು, ನೀರು ತಾಗಲಿಲ್ಲ, ದೋಣಿ ವಾಲಿದಾಗ ತಾಗಿತು, ಬೆಚ್ಚಗಿದೆ, ಮೇ ಕೊನೆಯ ವಾರದ ನೀರು, ಡಿಸೆಂಬರಿನಲ್ಲಾದರೆ ನೇತ್ರಾಣಿ ದ್ವೀಪದ ಬುಡದ ಕಲ್ಲುಗಳನ್ನು ಮೇಲಿನಿಂದಲೇ ಎಣಿಸಬಹುದಿತ್ತು, ಈಗ ಎಲ್ಲ ಹಸಿರು ಮಬ್ಬು. ಇದೇ ಕಡೆ ದೋಣಿ ಅಕ್ಕೋರೆ, ಮಳೆಗಾಲ ಬಂತು, ನಾಳಿಂದ ದಡಕ್ಕೆ ಎಳೂದೇ, ಬೆಳಿಗ್ಗೆ ಮುರುಡೇಶ್ವರದಲ್ಲಿ ದೋಣಿಯ ಕುಪ್ಪ ಹಾಗೆಂದಿದ್ದ. ಪ್ರತಿ ವರ್ಷ ಡಿಸೆಂಬರಿನ ಮೊದಲ ಶನಿವಾರ ಮೂವರೂ ಇಲ್ಲಿಗೆ ಬರುವುದು, ಕುಮಟೆಯ ಹೈಸ್ಕೂಲಿನಲ್ಲಿ ಆಟ ಕಲಿಸುವ ಹೇಮಾ, ಅಲ್ಲೇ ಗಣಿತ ಕಲಿಸುವ ಸೌಜನ್ಯಾ, ಭಟ್ಕಳದ ಬ್ಯಾಂಕಿನ ಸರೋಜಾ, ಹನ್ನೆರಡು ವರ್ಷ ತಪ್ಪಿರಲಿಲ್ಲ, ಹೋದ ಡಿಸೆಂಬರಿನ ಆ ಶನಿವಾರ ಹೇಮಾ ಹೊನ್ನಾವರದ ಆಸ್ಪತ್ರೆಯಲ್ಲಿದ್ದಳು, ಬಲ ಪಕ್ಕೆಲುಬುಗಳ ನಡುವೆ ನಳಿಕೆ, ಮಂಚದ ಕೆಳಗೆ ಬಾಟಲಿ, ಬಾಟಲಿಯಲ್ಲಿ ಹಳದಿ ನೀರು, ಶಾಲೆಯ ಮೈದಾನದಲ್ಲಿ ಹತ್ತು ಸುತ್ತು ಓಡುತ್ತಿದ್ದವಳು ಪಾಯಖಾನೆಗೆ ಹೋಗಿ ಬರುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿಯುತ್ತಿದ್ದಳು. ಕ್ಷಯ. ಡಾಕ್ಟರು ಟಿಬಿ ಎಂದರು, ಅತ್ತೆ ಆ ಶಬ್ದವನ್ನೇ ಆಡಲಿಲ್ಲ, ಎದೆಯಲ್ಲಿ ನೀರಂತೆ ಎಂದಷ್ಟೇ ಊರಿಗೆ ಹೇಳಿದರು. ಆರು ತಿಂಗಳ ಗುಳಿಗೆ, ಮೂತ್ರ ಕೇಸರಿ ಬಣ್ಣ, ಹೋದ ವಾರ ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದು, ಗುಣವಾಗಿದೆ, ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯಬೇಡಿ, ಮೇಲೆ ತೇಲಿದರೆ ಅಡ್ಡಿಯಿಲ್ಲ ಎಂದರು. ಗಂಡ ದಿವಾಕರನಿಗೆ ಮಾತ್ರ ಸಮಾಧಾನವಿಲ್ಲ, ಆರು ತಿಂಗಳು ಗುಳಿಗೆ ನುಂಗಿದ್ದು ಸಮುದ್ರಕ್ಕೆ ಹಾರೂಕಾ?

ಹಾರಲಿಲ್ಲ, ಏಣಿ ಹಿಡಿದು ಇಳಿದಳು, ಮೊದಲ ಸಲ ಏಣಿ. ಮುಖಕ್ಕೆ ಕನ್ನಡಕ, ಬಾಯಲ್ಲಿ ಕಚ್ಚಿಕೊಂಡು ಉಸಿರಾಡುವ ಪೈಪು, ತಲೆ ತಗ್ಗಿಸಿದೊಡನೆ ಹೊರಗಿನ ಸದ್ದೆಲ್ಲ ಮುಚ್ಚಿಹೋಗಿ ತನ್ನ ಉಸಿರೊಂದೇ ಕಿವಿತುಂಬ, ಒಳಗೆ, ಹೊರಗೆ, ಒಳಗೆ, ಬಲಗಡೆಯೂ ತುಂಬುತ್ತಿದೆಯೋ ಇಲ್ಲವೋ, ನೀಲಿ ಮೀನೊಂದು ಕಲ್ಲು ಕಚ್ಚುತ್ತಿದೆ, ಅದು ಕಚ್ಚುವ ಟಕ್ ಟಕ್ ಕೂಡ ಕೇಳುತ್ತದೆ, ಪಕ್ಕದಲ್ಲಿ ಸೌಜನ್ಯಾಳ ಕೆಂಪು ಲೈಫ್ ಜಾಕೆಟ್, ಅವಳಿಗೆ ಈಜು ಕಲಿಸಿದ್ದೇ ಹೇಮಾ, ಹೊಟ್ಟೆಯಡಿಗೆ ಕೈ ಕೊಟ್ಟು, ಹೊಳೆಯಲ್ಲಿ, ಒಂದು ರಜೆ ಪೂರ್ತಿ. ಆಸ್ಪತ್ರೆಯಲ್ಲಿ ಹನ್ನೊಂದು ದಿನ, ಸರೋಜಾ ನಾಲ್ಕು ಸಲ ಬಂದಳು, ಬಸ್ಸಿನಲ್ಲಿ ಗಂಜಿಯ ಡಬ್ಬಿ ಹಿಡಿದುಕೊಂಡು, ಸೌಜನ್ಯಾ ಬರಲಿಲ್ಲ. ಫೋನು ಮಾಡಿದಳು, ಆಮೇಲೆ ಮೆಸೇಜು, ಮಗಳು ಸಣ್ಣವ್ಳಲ್ವನೇ, ಅವ್ಳಿಗೂ ಶೀತ — ಶಾಲೆಗೆ ಮರಳಿದ ದಿನ ಸ್ಟಾಫ್‌ರೂಮಿನಲ್ಲಿ ಅವಳೇ ಮೊದಲು ಎದ್ದು ಬಂದು ಕೈ ಹಿಡಿದಳು, ಆದರೆ ಇವತ್ತು ಬೆಳಿಗ್ಗೆ ಕಾರಿನಲ್ಲಿ ನೀರಿನ ಮೂರು ಬಾಟಲಿ ಹೊರತೆಗೆದಳು, ಮೂರಕ್ಕೂ ಪೆನ್ನಿನಲ್ಲಿ ಹೆಸರು ಬರೆದಿದ್ದಳು. ಹಿಂದೆಲ್ಲ ಮೂವರಿಗೆ ಒಂದೇ ಬಾಟಲಿ. ಹೇಮಾ ತನ್ನ ಹೆಸರು ಓದಿದಳು, ಹೊರಗೆ ನೋಡಿದಳು, ಕಾರು ಶರಾವತಿಯ ಸೇತುವೆ ದಾಟುತ್ತಿತ್ತು.

ಆಗ ಅಲೆ. ದೊಡ್ಡದೇನಲ್ಲ, ಬೆನ್ನ ಮೇಲಿಂದ ಹಾದುಹೋದದ್ದು, ಪೈಪಿನೊಳಗೆ ನೀರು, ಗಂಟಲಿಗೆ ಉಪ್ಪು, ಮತ್ತು ಕೆಮ್ಮು — ಆರು ತಿಂಗಳು ಎಲ್ಲರೆದುರು ನುಂಗಿಕೊಂಡ ಕೆಮ್ಮು, ತರಗತಿಯಲ್ಲಿ, ಬಸ್ಸಿನಲ್ಲಿ, ಯಾರಾದರೂ ತಿರುಗಿ ನೋಡಿಯಾರೆಂದು ಸೆರಗಿನಲ್ಲಿ ಅದುಮಿದ್ದು, ಈಗ ಅದುಮಲು ಸೆರಗಿಲ್ಲ, ಕೆಮ್ಮುತ್ತ ಕೆಮ್ಮುತ್ತ ಪೈಪು ಬಾಯಿಂದ ಜಾರಿತು, ಹಸಿರಿನೊಳಗೆ ಇಳಿದು ಹೋಯಿತು, ಇನ್ನೊಂದು ಅಲೆ, ಎದೆ ಹಿಡಿದುಕೊಂಡಿದೆ, ಉಸಿರು ಬಾಗಿಲಲ್ಲೇ ನಿಂತಿದೆ, ಒಳಗೆ ಬಾರದು, ಜಾಕೆಟ್ ಇದೆ ಮುಳುಗುವುದಿಲ್ಲ ಎಂದು ಗೊತ್ತಿದೆ, ಗೊತ್ತಿದ್ದೂ ಕೈಕಾಲು ಬಡಿಯುತ್ತಿವೆ. ಹೇಮಾ, ನನ್ನ ನೋಡು, ಬಡೀಬೇಡ, ನೋಡಿಲ್ಲಿ — ಯಾವಾಗ ಬಂದಳೋ, ಹೆಗಲ ಪಟ್ಟಿ ಹಿಡಿದ ಸೌಜನ್ಯಾ, ತನ್ನ ಪೈಪು ಕಿತ್ತು ಹೇಮಾಳ ಬಾಯಿಗೆ ಇಟ್ಟಳು, ಕಚ್ಚು, ಮೆಲ್ಲ ಎಳಿ, ನೀನೇ ಹೇಳ್ಕೊಟ್ಟದ್ದಲ್ವಾ, ಮೆಲ್ಲ. ಎಳೆದಳು. ಬಂತು. ಸ್ವಲ್ಪ, ಮತ್ತೆ ಸ್ವಲ್ಪ, ಕೊನೆಗೆ ಬಲಗಡೆಯೂ. ಕುಪ್ಪ ದೋಣಿಯಿಂದ ಎಸೆದ ಟ್ಯೂಬನ್ನು ಇಬ್ಬರೂ ಹಿಡಿದುಕೊಂಡರು, ಎದುರುಬದುರು, ಹೇಮಾ ಪೈಪು ತೆಗೆದು ತಿರುಗಿ ಕೊಡುವಾಗ ನೋಡಿದಳು, ನೋಡಬಾರದೆಂದುಕೊಂಡೇ ನೋಡಿದಳು, ತೊಳೆಯುತ್ತಾಳೋ, ಒರೆಸುತ್ತಾಳೋ — ಸೌಜನ್ಯಾ ಹಾಗೆಯೇ ಬಾಯಿಗಿಟ್ಟು ಕಚ್ಚಿಕೊಂಡಳು.

ದೋಣಿಯಲ್ಲಿ ಸರೋಜಾ ಟವೆಲು ಸುತ್ತಿದಳು, ಸಾಕು ಮಾರಾಯ್ತಿ, ಇನ್ನು ನೀರಿಗೆ ಹೋಗೂದು ಬೇಡ, ಬನ್ಸ್ ತಿನ್ನು, ಆತು ಎಂದಳು ಹೇಮಾ, ಅರ್ಧ ತಿಂದಳು, ಬಾಳೆಹಣ್ಣಿನ ಸಿಹಿ ಗಂಟಲಿನ ಉಪ್ಪಿಗೆ ತಾಗಿತು, ಇಂಜಿನ್ ಮತ್ತೆ ಶುರು, ದ್ವೀಪ ಹಿಂದೆ ಸರಿಯುತ್ತಿದೆ, ಸೌಜನ್ಯಾ ಪಕ್ಕದಲ್ಲಿ ಬಂದು ಕೂತಳು, ಒದ್ದೆ ಕೂದಲು ಹಿಂಡುತ್ತ, ಮುಖ ನೋಡದೆ, ನಾನು ಬಂದಿದ್ದೆ. ಎಲ್ಲಿಗೆ? ಆಸ್ಪತ್ರೆಗೆ, ಗೇಟಿನ ತನಕ. ಸ್ಕೂಟಿ ನಿಲ್ಸಿ ಹೆಲ್ಮೆಟ್ ಸೈತ ತೆಗೀದೆ ನಿಂತಿದ್ದೆ, ಕಾಲು ಗಂಟೆ, ಒಳಗೆ ಬರೂಕೆ ಆಗ್ಲಿಲ್ಲ, ಹೆದರಿಕೆ ಆತು. ಮಗಳ ಮೇಲೆ ಹಾಕಿದ್ದು ಸುಳ್ಳು. ಹೇಮಾ ಏನೋ ಹೇಳಬೇಕು, ಇರಲಿ ಬಿಡು ಎನ್ನಬಹುದು, ಅದು ನಿಜವಲ್ಲ, ಯಾಕೆ ಬರಲಿಲ್ಲ ಎನ್ನಲು ಈಗ ಬಾಯಿ ಬಾರದು, ಬಾಯಲ್ಲಿ ಇನ್ನೂ ರಬ್ಬರಿನ ರುಚಿ. ಯಾವ ದಿನ ಎಂದು ಕೇಳಿದಳು. ಅದೇ ಶನಿವಾರ, ನಾವಿಲ್ಲಿ ಬರಬೇಕಾದ ದಿನ. ಆ ದಿನ ಮಧ್ಯಾಹ್ನ ಬಾಟಲಿ ಬದಲಿಸಿದ್ದರು, ನರ್ಸು ಕಿಟಕಿ ತೆರೆದಿಟ್ಟಿದ್ದಳು, ಮೊದಲ ಮಾಳಿಗೆ, ತಲೆ ಎತ್ತಿದ್ದರೆ ಗೇಟು ಕಾಣುತ್ತಿತ್ತೇ, ಸ್ಕೂಟಿಯ ಸದ್ದು ಕೇಳಿರಬೇಕು, ಎಷ್ಟೋ ಸ್ಕೂಟಿಗಳು — ಸರೋಜಾ ಚಹಾ ಬಗ್ಗಿಸುತ್ತಿದ್ದಾಳೆ, ಕುಪ್ಪ ದಡದ ಕಡೆ ಕೈ ತೋರಿಸಿ ಏನೋ ಹೇಳುತ್ತಿದ್ದಾನೆ, ಕೇಳಿಸುತ್ತಿಲ್ಲ, ಗೇಟು, ಗೇಟಿನ ಬದಿಗೆ ಸ್ಕೂಟಿ, ಬಿಸಿಲು, ಒಳಗೆ ಹೋಗುವವರು, ಹೊರಗೆ ಬರುವವರು, ನಡುವೆ ಹೆಲ್ಮೆಟ್ ತೆಗೆಯದೆ ನಿಂತವಳು, ಚಹಾ ತಕಳೇ, ತಣಿತದೆ, ಲೋಟ ಕೈಯಲ್ಲಿ ಬಿಸಿಯಾಗಿದೆ, ಕಾಲು ಗಂಟೆ, ಬೆವರು ಗಲ್ಲಕ್ಕೆ ಇಳಿದಿರಬೇಕು, ಪಟ್ಟಿಯನ್ನೂ ಸಡಿಲಿಸಿರಲಾರಳು, ಹೆಲ್ಮೆಟ್, ಹೆಲ್ಮೆಟ್ಟಿನೊಳಗೆ ಆ ಮುಖ.