ಅಕ್ಕ ಬಿಡಿಸಿದ ಕೊಡೆ

ಕೊಡೆ ಬಿಡಿಸುವಾಗ ಅಕ್ಕ ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಹೊರಗೆ ಕಪ್ಪು, ಒಳಗೆ ಬೆಳ್ಳಿಬಣ್ಣ. ಫೋಟೋ ಸ್ಟುಡಿಯೋದಲ್ಲಿ ಬೆಳಕನ್ನು ಮೆತ್ತಗಾಗಿಸುವ ಸಾಫ್ಟ್‌ಬಾಕ್ಸಿಗೆ ಆ ಮನೆಯಲ್ಲಿ ಕೊಡೆಯೆಂದೇ ಹೆಸರು. ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿ, ಬಾಗಿದ್ದನ್ನು ನೆಟ್ಟಗೆ ಮಾಡಿ, ಪೂರ್ತಿ ಅರಳುವವರೆಗೆ ದೂಡಿದಳು. ಕೋಲನ್ನು ಸ್ಟ್ಯಾಂಡಿನ ತೂತಿಗೆ ತೂರಿಸಿ ತಿರುಪು ಬಿಗಿಸಿದಳು. ಫ್ಲ್ಯಾಶಿನ ಮುಖವನ್ನು ಕೂರುವವರ ಕಡೆಗಲ್ಲ, ಕೊಡೆಯ ಹೊಟ್ಟೆಯ ಕಡೆಗೆ ತಿರುಗಿಸಿದಳು. ಬೆಳಕು ಮೊದಲು ಒಳಗೆ ಹೋಗಿ, ಅಲ್ಲಿಂದ ಹಿಂದಿರುಗಿ, ಬಿಳಿ ಬಟ್ಟೆಯಲ್ಲಿ ಸೋಸಿಕೊಂಡು ಮುಖಕ್ಕೆ ಬರಬೇಕು. ಕೊನೆಗೆ ಕೊಡೆಯ ಬಾಯಿಗೆ ಆ ಬಟ್ಟೆ ತೊಡಿಸಿ ಜಿಪ್ ಎಳೆದಳು.

ಅಪ್ಪ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷ ಬೆಳಕು ಅವಳದು, ಕ್ಯಾಮೆರಾ ತಮ್ಮನದು. ಬೋರ್ಡಿನ ಮೇಲೆ ತಮ್ಮನ ಹೆಸರು. ಅವಳು ಏನನ್ನೂ ಕೇಳಿದವಳಲ್ಲ. ಆದರೆ ಈ ದಿನ ಬರುವವರು ಇಬ್ಬರಿಗೂ ಪಾಠ ಹೇಳಿದ ಟೀಚರ್; ಅವರ ಚಿತ್ರ ಶಾಲೆಯ ಗೋಡೆಗೆ ಹೋಗುವಂಥದ್ದು. ಅಜ್ಜಿ ಬಾಯಿಪಾಠ ಮಾಡಿಸಿದ ಪದ್ಯವನ್ನು ಅಕ್ಕ ತರಗತಿಯಲ್ಲಿ ರಾಗವಾಗಿ ಹೇಳಿದಾಗ ಕಣ್ಣು ಮುಚ್ಚಿ ಕೇಳಿದವರು ಅವರೊಬ್ಬರೇ. ಆ ಮುಖದ ಫೋಟೋ ತಾನೇ ತೆಗೆಯಬೇಕೆಂದು ವಾರವೆಲ್ಲ ಗೋಗರೆದು ತಮ್ಮನನ್ನು ಒಪ್ಪಿಸಿದ್ದಳು.

"ಆಯ್ತು ತಾಯಿ. ನಾನು ತೆಗಿ ಅಂದ ತಕ್ಷಣ ನೀನೇ ತೆಗಿ," ಎಂದು ಬೆಳಿಗ್ಗೆ ನಕ್ಕಿದ್ದ.

ಟೀಚರ್ ಬಂದು ಕೂತರು. ಕೊಡೆಯನ್ನು ನೋಡಿ, ನಿಮ್ಮ ಸೂರು ಅಷ್ಟೊಂದು ಸೋರುತ್ತದೆಯೇ ಎಂದು ಕೇಳಿ ತಾವೇ ನಕ್ಕರು. ಅಕ್ಕ ಕೊಡೆಯನ್ನು ಅವರ ಹಣೆಗಿಂತ ಗೇಣು ಮೇಲಕ್ಕೆ ತಂದು ತುಸು ಬಾಗಿಸಿ, ಒಮ್ಮೆ ಫ್ಲ್ಯಾಶ್ ಹೊಡೆದು ನೋಡಿದಳು. ಅದು ಮತ್ತೆ ಕರೆಂಟು ತುಂಬಿಕೊಳ್ಳಲು ಅಜ್ಜಿಯ ಪದ್ಯದ ಒಂದು ಸಾಲಿನಷ್ಟು ಹೊತ್ತು ಬೇಕು. ತುಟಿ ಅಲುಗದಂತೆ ಆ ಸಾಲು ಮುಗಿಸಿದಳು.

"ಅಕ್ಕಾ, ತೆಗಿ," ಎಂದ ತಮ್ಮ.

ಅವಳು ಅಂಗೈ ಒರೆಸಿಕೊಂಡು ಕ್ಯಾಮೆರಾದ ಹಿಂದೆ ಬಂದು ನಿಂತಳು. ಬೆರಳು ಗುಂಡಿಯ ಮೇಲಿತ್ತು.

"ಏನ್ ಮಾಡ್ತಿದ್ದೀಯ? ಫೋಟೋ ಅಲ್ಲ, ಆ ಬಟ್ಟೆ ತೆಗಿ ಅಂದೆ. ಮಂಕಾಗಿ ಕಾಣ್ತಿದೆ."

ಬಾಗಿಲು ತೆಗೆಯುವುದು, ಕಸ ತೆಗೆಯುವುದು, ಚಿತ್ರ ತೆಗೆಯುವುದು, ಎಲ್ಲಕ್ಕೂ ಒಂದೇ ಮಾತು. ಯಾವುದು ಯಾರ ಪಾಲಿಗೆ ಎಂಬುದು ಆ ಮನೆಯಲ್ಲಿ ಹೇಳದೆಯೇ ತಿಳಿದ ಸಂಗತಿ, ಅವಳಿಗೇ ಮರೆತುಹೋಗಿತ್ತು.

ಟೀಚರ್ ನೋಡುತ್ತಿದ್ದರು. ಅವಳು ಕ್ಯಾಮೆರಾ ಬಿಟ್ಟು ಕೊಡೆಯ ಕಡೆ ನಡೆದಳು. ಬಟ್ಟೆ ಬಿಚ್ಚಿದಳು. ತಮ್ಮ ತೆಗೆದ ಚಿತ್ರದಲ್ಲಿ ಹಣೆ ಎಣ್ಣೆ ಸವರಿದಂತೆ ಹೊಳೆಯಿತು. ಟೀಚರ್ ಮುಖ ಸಣ್ಣದು ಮಾಡಿದರು. ಅಕ್ಕ ಲೈಟು ಸರಿಯಾಗಿ ಇಟ್ಟಿಲ್ಲ ಎಂದು ಅವರಿಗೆ ಸಮಾಧಾನ ಹೇಳಿದ ತಮ್ಮ, ಬಟ್ಟೆ ಮತ್ತೆ ತೊಡಿಸುವಂತೆ ಅವಳಿಗೆ ಕಣ್ಸನ್ನೆ ಮಾಡಿದ. ತೊಡಿಸಿದಳು. ಎರಡನೆಯದರಲ್ಲಿ ಮುಖ ಪ್ರಾರ್ಥನೆ ಮುಗಿಸಿ ಕೂತವರ ಮುಖದಷ್ಟು ತಿಳಿಯಾಗಿತ್ತು. ಚಿಕ್ಕಂದಿನಲ್ಲೇ ನಿನ್ನ ಕೈಗುಣ ಗೊತ್ತಿತ್ತು ಎಂದು ಟೀಚರ್ ತಮ್ಮನ ಬೆನ್ನು ತಟ್ಟಿದರು. ಆಮೇಲೆ ಅಕ್ಕನ ಕಡೆ ತಿರುಗಿದರು.

"ನೀನೇನು ಮಾಡ್ಕೊಂಡಿದ್ದೀಯಮ್ಮಾ ಈಗ?"

"ಕೊಡೆ ಹಿಡೀತೀನಿ, ಟೀಚರ್."

ತಮಾಷೆಯೆಂದು ಇಬ್ಬರೂ ನಕ್ಕರು.

ಅವರನ್ನು ಬೀಳ್ಕೊಟ್ಟು ಬಂದ ತಮ್ಮ, ಮುಂದಿನ ಸಲ ಖಂಡಿತ ನೀನೇ ಎಂದ.

"ಮುಂದಿನ ಸಲ ಲೈಟೂ ನೀನೇ ಇಟ್ಕೋ," ಎಂದು ಕೊಡೆಯನ್ನು ಸ್ಟ್ಯಾಂಡಿನಿಂದ ಬಿಚ್ಚಿ, ಮಡಚಿ, ಅವನ ಕೈಗಿಟ್ಟು ಒಳಕೋಣೆಗೆ ಹೋದಳು.

ಹೊರಗೆ ಮಗು ಎತ್ತಿಕೊಂಡು ಗಂಡ ಹೆಂಡತಿ ಬಂದಿದ್ದರು. ತಮ್ಮ ಪರದಾಡಲಿ ಎಂದುಕೊಂಡಳು. ಯಾವ ಕಡ್ಡಿ ಹಟಮಾರಿ, ಜಿಪ್ ಎಲ್ಲಿ ಕಚ್ಚಿಕೊಳ್ಳುತ್ತದೆ, ಅವನಿಗೇನು ಗೊತ್ತು? ಕರೆದರೆ ಎಷ್ಟನೆಯ ಕೂಗಿಗೆ ಓಗೊಡಬೇಕೆಂದೂ ಲೆಕ್ಕ ಹಾಕಿದಳು.

ಐದು ನಿಮಿಷವೂ ಆಗಿರಲಿಲ್ಲ, ಫ್ಲ್ಯಾಶ್ ಮಿಂಚಿತು. ಪರದೆಯ ಸಂದಿಯಿಂದ ಇಣುಕಿದಳು. ಬಟ್ಟೆಯಲ್ಲಿ ಒಂದು ಸುಕ್ಕಿರಲಿಲ್ಲ. ಮಗುವಿನ ಕೆನ್ನೆಯ ಮೇಲೆ ಬೆಳಕು ಎಲ್ಲಿ ಬೀಳಬೇಕೋ ಅಲ್ಲೇ ಮೆತ್ತಗೆ ಬೀಳುತ್ತಿತ್ತು. ಬಾರದೆಂದಲ್ಲ ಅವನು ಆ ಕೆಲಸವನ್ನು ಇಷ್ಟು ವರ್ಷ ಅವಳಿಗೆ ಬಿಟ್ಟಿದ್ದು.

ಮಗುವನ್ನು ನಗಿಸಲು ತಮ್ಮ ಕಾಗೆಯಂತೆ ಕೂಗುತ್ತಿದ್ದ. ಚೆನ್ನಾಗಿಯೇ ಕೂಗುತ್ತಿದ್ದ.