ಒಂದು ಬದಿ ಸವರಿದ ದಾರಿ

ಕಾಲುದಾರಿ ತಂಡದಲ್ಲಿ ಅವನಿಗೆ ಒಂಟೆತ್ತು ಎಂದು ಹೆಸರು. ಒಂಬತ್ತು ವರ್ಷದ ಹಿಂದೆ ಹಾಗಿರಲಿಲ್ಲ. ಆಗ ಅವನೂ ಅವನ ತಮ್ಮನೂ ಜೋಡೆತ್ತು. ಅಣ್ಣ ಬಲಗೈಯವನು, ತಮ್ಮ ಎಡಚ. ಇಬ್ಬರೂ ಮಚ್ಚು ಹಿಡಿದು ಗುಡ್ಡ ಹತ್ತಿದರೆ ಬಲಗಡೆಯ ಪೊದೆ ಅಣ್ಣನ ಪಾಲು, ಎಡಗಡೆಯದು ತಮ್ಮನ ಪಾಲು. ಒಬ್ಬರ ಕೈಗೆ ಒಬ್ಬರು ಅಡ್ಡ ಬರುವ ಮಾತೇ ಇಲ್ಲ. ಬೇರೆಯವರು ಎರಡು ದಿನ ತಿಣುಕುವ ದಾರಿಯನ್ನು ಇವರು ಒಂದೇ ದಿನದಲ್ಲಿ ಸವರಿ, ಸಂಜೆ ಶೆಡ್ಡಿನ ಕಟ್ಟೆ ಮೇಲೆ ಕೂತು ಉಳಿದವರ ಕಾಲೆಳೆಯುತ್ತಿದ್ದರು.

ತಮ್ಮ ತಂಡ ಬಿಟ್ಟು ಹೋದ ಮೇಲೆ ಅಣ್ಣ ಇನ್ನೊಬ್ಬ ಜೊತೆಗಾರನನ್ನು ಸೇರಿಸಿಕೊಳ್ಳಲಿಲ್ಲ. ಹತ್ತುವಾಗ ಬಲಬದಿ ಸವರುತ್ತಾನೆ. ಇಳಿಯುವಾಗ ಆಚೆ ಬದಿ ಬಲಗೈಗೆ ಬರುತ್ತದಲ್ಲ, ಅದನ್ನು ಸವರುತ್ತಾನೆ. ದುಪ್ಪಟ್ಟು ದಿನ ಹಿಡಿಯುತ್ತದೆ. ಯಾಕಪ್ಪಾ ಎಂದು ಕೇಳಿದರೆ, "ನನಗೆ ಮಾತಾಡೋರ ಸಹವಾಸ ಆಗಲ್ಲ" ಎನ್ನುತ್ತಾನೆ. ತಮ್ಮನಷ್ಟು ವಟಗುಟ್ಟುವವನು ಆ ಗುಡ್ಡದ ಸುತ್ತಮುತ್ತಲೇ ಇರಲಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೂ ಯಾರೂ ಎದುರಾಡುವುದಿಲ್ಲ.

ಜಗಳವಾದದ್ದು ಒಂದು ಬಾಣದ ಹಲಗೆಗೆ. ದಾರಿ ಕವಲೊಡೆಯುವ ಕಡೆ ಕಂಬ ನೆಟ್ಟು, ನಡೆಯುವವರಿಗೆ ದಿಕ್ಕು ತೋರಿಸುವ ಹಲಗೆ ಹೊಡೆಯುವುದೂ ತಂಡದ ಕೆಲಸವೇ. ಆ ವರ್ಷ ಒಂದು ಹಲಗೆ ಉಲ್ಟಾ ಕೂತಿತ್ತು. ಅದನ್ನು ನಂಬಿ ನಡೆದ ನಿವೃತ್ತ ಟೀಚರೊಬ್ಬರು ಹಳೆಯ ಕಲ್ಲುಕ್ವಾರಿಗೆ ಇಳಿದು ಕಾಲು ಮುರಿದುಕೊಂಡರು. ಕಚೇರಿಯವರು ಬಂದು ಯಾರು ಹೊಡೆದದ್ದು ಎಂದು ಕೇಳಿದಾಗ ಅಣ್ಣ ಹಿಂದೆಮುಂದೆ ನೋಡದೆ, ಅಷ್ಟೂ ಜನರ ಮುಂದೆ, "ಇನ್ಯಾರು? ಈ ಎಡಗೈ ಮಹಾರಾಯ. ಇವನು ಯಾವ ಕೆಲಸ ನೆಟ್ಟಗೆ ಮಾಡಿದಾನೆ?" ಎಂದುಬಿಟ್ಟ. ಅಂಥ ವಾಚಾಳಿ ತಮ್ಮ ತುಟಿಪಿಟಕ್ಕೆನ್ನಲಿಲ್ಲ. ಮುಂದಿನ ವಾರವೇ ಗುಡ್ಡದಾಚೆಯ ತಂಡಕ್ಕೆ ಹೆಸರು ಬರೆಸಿ, ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದ.

ಮರುವರ್ಷ ಆ ಕಂಬ ಕೊಳೆಯಿತೆಂದು ಕೀಳುವಾಗ ಅಣ್ಣನಿಗೆ ಹಳೆಯ ಮೊಳೆಗಳು ಕಂಡವು. ಟೀಚರು ಬಿದ್ದ ಮೇಲೆ ಹಲಗೆಯನ್ನು ಅವಸರದಲ್ಲಿ ಕಿತ್ತು ಸರಿಯಾದ ದಿಕ್ಕಿಗೆ ತಿರುಗಿಸಿದವರು ಅವನ್ನು ಕಂಬದಲ್ಲೇ ಬಿಟ್ಟಿದ್ದರು. ತಮ್ಮ ಹೊಡೆದ ಮೊಳೆ ಒಂದು ಕಡೆಗೆ ವಾಲುತ್ತದೆ, ಅಣ್ಣನದು ಇನ್ನೊಂದು ಕಡೆಗೆ. ಇಪ್ಪತ್ತು ವರ್ಷ ಅದನ್ನೇ ಹಿಡಿದು ಒಬ್ಬರನ್ನೊಬ್ಬರು ಆಡಿಕೊಂಡವರು ಅವರು. ಕಂಬದಲ್ಲಿದ್ದ ನಾಲ್ಕೂ ಮೊಳೆ ಅಣ್ಣನವು ವಾಲುವ ಕಡೆಗೇ ವಾಲಿದ್ದವು. ಮೊಳೆಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಹೋಗಿ ಹೇಳಬೇಕು, ನಾಳೆಯೇ ಹೋಗಬೇಕು ಎಂದುಕೊಂಡ. ಆ ನಾಳೆಗೆ ಈಗ ಎಂಟು ವರ್ಷ.

ಗುಡ್ಡದ ನೆತ್ತಿಯಲ್ಲಿ ಒಂದು ಮರದ ಗೇಟು. ಈಚೆಯದು ಇವರ ತಂಡದ್ದು, ಆಚೆಯದು ಅವರ ತಂಡದ್ದು. ಪ್ರತಿ ವರ್ಷ ಅಲ್ಲಿಗೆ ತಲುಪಿದಾಗ ಅಣ್ಣ ಗೇಟಿಗೆ ಮೊಣಕೈ ಊರಿ ಕೆಳಗೆ ನೋಡುತ್ತಾನೆ. ತಮ್ಮನ ಮನೆಯ ತಗಡು ಬೆರಳಿನ ಉಗುರಿನಷ್ಟು ಹೊಳೆಯುತ್ತದೆ. ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡು, ಅದು ಆರುವವರೆಗೂ ನೋಡುತ್ತಾನೆ. ಆ ವಟವಟ ಒಂದು ಸಲ ಕಿವಿಗೆ ಬಿದ್ದರೆ ಸಾಕಿತ್ತು ಎನ್ನಿಸುತ್ತದೆ. ಆಮೇಲೆ ತಿರುಗಿ ಈಚೆಗೇ ಇಳಿಯುತ್ತಾನೆ.

ಈ ವರ್ಷ ಅವನಿಗೆ ಕೆಲಸದ ಕೊನೆಯ ವರ್ಷ. ಇದೊಂದು ಹಂಗಾಮು ಮುಗಿದರೆ ಗುಡ್ಡ ಹತ್ತಲು ನೆಪವೂ ಉಳಿಯುವುದಿಲ್ಲ. ಅಂಥ ಹೊತ್ತಿಗೆ ಒಂದು ಬೆಳಗ್ಗೆ ಮೇಲ್ವಿಚಾರಕಿ ಕೈಯಲ್ಲಿ ಕಾಗದ ಹಿಡಿದು ಶೆಡ್ಡಿಗೆ ಬಂದಳು.

"ಆಚೆ ಕಡೆ ದಾರಿ ಅರ್ಧಂಬರ್ಧ ಬಿಟ್ಟಿದ್ದಾರಂತೆ. ಈ ತಿಂಗಳೊಳಗೆ ಪೂರ್ತಿ ತೆರೀದಿದ್ರೆ ನಕ್ಷೆಯಿಂದಲೇ ತೆಗೀತಾರಂತೆ. ಅಲ್ಲಿ ಜನ ಇಲ್ಲ, ನಮ್ಮವರನ್ನ ಕಳಿಸಿ ಅಂತಿದ್ದಾರೆ. ಯಾರು ಹೋಗ್ತೀರ?"

ಎಲ್ಲರೂ ತಮ್ಮ ತಮ್ಮ ಬೂಟಿನ ದಾರ ನೋಡಿಕೊಂಡರು. ಅಣ್ಣ ಸಾಣೆಕಲ್ಲನ್ನು ಚೀಲಕ್ಕೆ ಹಾಕಿಕೊಂಡು ಎದ್ದ.

"ನೀವಾ?" ಎಂದಳು ಮೇಲ್ವಿಚಾರಕಿ.

"ದಾರಿ ಏನು ತಪ್ಪು ಮಾಡಿದೆ, ಪಾಪ," ಎಂದ ಅಣ್ಣ.

ಗೇಟು ತೆರೆದು ಆಚೆ ಕಾಲಿಟ್ಟವನು ಹಾಗೇ ನಿಂತುಬಿಟ್ಟ. ದಾರಿಯ ಒಂದು ಬದಿ ಕ್ಷೌರ ಮಾಡಿದಂತೆ ನುಣ್ಣಗಿತ್ತು. ಇನ್ನೊಂದು ಬದಿಯ ಮುಳ್ಳು ಎದೆಯೆತ್ತರ ಬೆಳೆದು ದಾರಿಗೆ ಒರಗಿತ್ತು. ಅದಕ್ಕೆ ಯಾರೂ ಕೈ ಹಚ್ಚಿರಲಿಲ್ಲ. ಸವರಿದ ಬದಿ ಇಳಿಯುವ ಅವನಿಗೆ ಬಲಕ್ಕಿತ್ತು. ಅಂದರೆ ಹತ್ತಿ ಬಂದವನಿಗೆ ಎಡಕ್ಕೆ. ಬಗ್ಗಿ ಒಂದು ಕೂಳೆಯ ಮೇಲೆ ಹೆಬ್ಬೆರಳು ಆಡಿಸಿದ. ಆ ಓರೆ ಏಟು ಯಾರದೆಂದು ಕಣ್ಣು ಕಟ್ಟಿಕೊಂಡಾದರೂ ಹೇಳುತ್ತಿದ್ದ.

ಮೇಲಿನಿಂದಲೇ ಶುರು ಮಾಡೋಣವೆಂದರೆ ಉಳಿದ ಪೊದೆ ಅವನ ಎಡಕ್ಕೆ, ಕೈ ಬಗ್ಗದು. ಬಲಗೈಗೆ ಬರಬೇಕಾದರೆ ಕೆಳಗಿನಿಂದ ಹತ್ತಿಕೊಂಡೇ ಬರಬೇಕು. ಕೆಳಗೆ, ದಾರಿ ಶುರುವಾಗುವಲ್ಲೇ, ತಮ್ಮನ ಮನೆ. ಮುಳ್ಳಿಗೆ ತೋಳು ಪರಚಿಸಿಕೊಳ್ಳುತ್ತ, ಹೇಳಬೇಕಾದ ಮಾತನ್ನು ಹತ್ತು ಸಲ ಹೇಳಿಕೊಳ್ಳುತ್ತ ಇಳಿದ.

ತಮ್ಮ ಮೆಟ್ಟಿಲ ಮೇಲೆ ಕೂತು ಮಚ್ಚು ಮಸೆಯುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು. ತಲೆಯೆತ್ತಿ ನೋಡಿ, ಮತ್ತೆ ಮಸೆಯತೊಡಗಿದ. ಅಷ್ಟೂ ದಾರಿ ಬಾಯಿಪಾಠ ಮಾಡಿದ ಮಾತು ಅಣ್ಣನಿಗೆ ಕೈಕೊಟ್ಟಿತು. ಜೇಬಿನಿಂದ ನಾಲ್ಕು ತುಕ್ಕು ಮೊಳೆ ತೆಗೆದು ಮೆಟ್ಟಿಲ ಮೇಲಿಟ್ಟ.

"ಪುಟ್ಟ, ಆ ಹಲಗೆ ಹೊಡೆದದ್ದು ನಾನು ಕಣೋ."

"ಗೊತ್ತಿತ್ತು."

"ಯಾವಾಗಿಂದ?"

"ಆವತ್ತಿಂದ. ನಿನ್ನ ಮೊಳೆ ನನಗೆ ಗೊತ್ತಾಗಲ್ವಾ?"

"ಮತ್ತೆ ಯಾಕೋ ಬಾಯಿ ಬಿಡಲಿಲ್ಲ?"

"ನೀನೇ ಬಂದು ಹೇಳ್ತೀಯ ಅಂತ. ಇವತ್ತು ಬರ್ತೀಯ, ನಾಳೆ ಬರ್ತೀಯ ಅಂತ ಗುಡ್ಡ ನೋಡ್ಕೊಂಡೇ ಇದ್ದೆ ಅಣ್ಣ."

ಅಣ್ಣ ಮೆಟ್ಟಿಲ ಮೇಲೆ ಕೂತ. ಸುಧಾರಿಸಿಕೊಳ್ಳಲು ಬೈಯುವುದೊಂದೇ ದಾರಿ ತೋಚಿತು. "ಅದಿರಲಿ, ಕೆಲಸ ಯಾಕೆ ಹೀಗೆ ಅರ್ಧಕ್ಕೆ ಬಿಟ್ಟಿದೀಯ? ನಕ್ಷೆಯಿಂದ ತೆಗೀತಾರಂತೆ. ನಾಚಿಕೆ ಆಗಲ್ವಾ?"

"ಎಂಟು ವರ್ಷ ಹತ್ತುವಾಗ ಒಂದು ಬದಿ, ಇಳಿಯುವಾಗ ಒಂದು ಬದಿ ಸವರಿದೆ, ಒಬ್ಬನೇ," ಎಂದ ತಮ್ಮ. "ಈ ವರ್ಷ ನಿನಗೆ ಕೊನೆ ಅಂತ ಕಿವಿಗೆ ಬಿತ್ತು. ಎರಡೂ ಬದಿ ಸರಿ ಮಾಡಿಟ್ಟಿದ್ರೆ ನಿನ್ನನ್ನ ಈಚೆಗೆ ಯಾರು ಕಳಿಸ್ತಿದ್ರು?"

ಅಣ್ಣ ತೋಳಿನಿಂದ ಮುಖ ಒರೆಸಿಕೊಂಡು ಎದ್ದು, ದಾರಿಯ ಬಲಕ್ಕೆ ಹೋಗಿ ನಿಂತ. ತಮ್ಮನೂ ಮಚ್ಚು ಹಿಡಿದು ಬಂದು ಎಡಕ್ಕೆ ನಿಂತ. ಆ ಬದಿಯಲ್ಲಿ ಸವರಲು ಒಂದು ಕಡ್ಡಿಯೂ ಉಳಿದಿರಲಿಲ್ಲ.